ತಲೆ ಯಾವ ಕಡೆ?

ಹಣ್ಣಿನ ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದವಿರುತ್ತದೆ. ಬರಿಗಣ್ಣಿಗೆ ಕಾಣುವುದು ಒಂದು ಬಿಳಿ ಚುಕ್ಕಿ ಮಾತ್ರ. ಭೂತಗನ್ನಡಿ ಹಿಡಿದರೆ ಅದರ ಒಂದು ತುದಿಯಲ್ಲಿ ಎರಡು ಚಪ್ಪಟೆ ಕಡ್ಡಿಗಳು ಚಾಚಿಕೊಂಡಿರುವುದು ಗೊತ್ತಾಗುತ್ತದೆ. ಕೊಳೆತ ಹಣ್ಣಿನ ತಿರುಳಲ್ಲಿ ಮೊಟ್ಟೆ ಹೂತುಹೋದರೂ ಒಳಗಿನ ಜೀವಕ್ಕೆ ಗಾಳಿ ಸಿಗಲಿ ಎಂದು ಇರುವ ಕಡ್ಡಿಗಳವು. ವೀರ್ಯಾಣು ಒಳಹೊಗುವ ಸೂಕ್ಷ್ಮ ರಂಧ್ರವೂ ಅದೇ ತುದಿಯಲ್ಲಿದೆ. ಮೊಟ್ಟೆಯಿಟ್ಟು 24 ಗಂಟೆ ತುಂಬುವಷ್ಟರಲ್ಲಿ ಅದೇ ತುದಿಯನ್ನು ಬಾಯಿಯ ಕಪ್ಪು ಕೊಕ್ಕೆಗಳಿಂದ ಹರಿದುಕೊಂಡು ಮರಿಹುಳು ಹೊರಬರುತ್ತದೆ. ತಲೆ ಯಾವಾಗಲೂ ಕಡ್ಡಿಗಳಿರುವ ಕಡೆ, ಬಾಲ ಇನ್ನೊಂದು ಕಡೆ. ಸಾವಿರ ಮೊಟ್ಟೆ ನೋಡಿದರೂ ಅದಲುಬದಲಾದದ್ದು ಸಿಗುವುದಿಲ್ಲ.

ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಮೊಟ್ಟೆಯ ಸಿಪ್ಪೆಯೊಳಗೆ ಇಣುಕಿದರೆ ತಲೆಯೂ ಇಲ್ಲ, ಬಾಲವೂ ಇಲ್ಲ. ಇರುವುದು ಭಂಡಾರದ ಗಂಜಿ ಮತ್ತು ಒಂದೇ ಒಂದು ಕೋಶಕೇಂದ್ರ. ಆ ಕೇಂದ್ರ ಒಡೆದು ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. ಎಲ್ಲದರಲ್ಲಿಯೂ ಇರುವುದು ಒಂದೇ ಡಿಎನ್‌ಎ, ಅಕ್ಷರ ಅಕ್ಷರಕ್ಕೂ ಅದೇ ನಕಲು. ಹೀಗಿರುವಾಗ ಈ ತುದಿಗೆ ಬಂದು ಕುಳಿತ ಕೋಶಕೇಂದ್ರಕ್ಕೆ ತಾನು ಕಣ್ಣು-ಬಾಯಿ ಮಾಡಬೇಕು ಎಂದೂ ಆ ತುದಿಯದಕ್ಕೆ ತಾನು ಗುದದ್ವಾರದ ಕಡೆಯವನು ಎಂದೂ ಹೇಳಿಕೊಟ್ಟವರು ಯಾರು?

ಈ ಅಧ್ಯಾಯದ ಕಥಾನಾಯಕ ಬೈಕಾಯ್ಡ್ ಎಂಬ ಜೀನ್. ಪಠ್ಯಪುಸ್ತಕಗಳು ಅದನ್ನು ತಲೆ ಮಾಡುವ ಜೀನ್ ಎಂದು ಪರಿಚಯಿಸುತ್ತವೆ. ನನ್ನ ಮಟ್ಟಿಗೆ ಇದು ದಾರಿ ತಪ್ಪಿಸುವ ಮಾತು. ಬೈಕಾಯ್ಡ್ ತಲೆಯನ್ನು ಮಾಡುವುದಿಲ್ಲ. 'ನೀನು ಎಲ್ಲಿದ್ದೀಯೆ' ಎಂದಷ್ಟೇ ಹೇಳುತ್ತದೆ. ಅದನ್ನು ಹೇಳುವುದೂ ತನ್ನ ಪ್ರಮಾಣದ ಮೂಲಕ.

ಮೊದಲು ನೊಣದ ಬಗ್ಗೆ ಒಂದು ಮಾತು. ಇದು ಮಾವು-ಹಲಸಿನ ಕಾಲದಲ್ಲಿ ಊಟದ ಮೇಜಿನ ಮೇಲೆ ಗುಂಪುಗಟ್ಟುವ, ಕೈ ಬೀಸಿದರೆ ಸರಿದು ಮತ್ತೆ ಅಲ್ಲೇ ಬಂದು ಕೂರುವ ಕೆಂಪುಗಣ್ಣಿನ ಸಣ್ಣ ನೊಣ, ಡ್ರೊಸೊಫಿಲ ಮೆಲನೊಗ್ಯಾಸ್ಟರ್. ನೂರು ವರ್ಷಕ್ಕೂ ಮೀರಿ ಜೀವವಿಜ್ಞಾನಿಗಳ ಬಾಟಲಿಗಳಲ್ಲಿ ಬೆಳೆಯುತ್ತಿದೆ. ಯುರೋಪ್, ಅಮೆರಿಕದ ಪ್ರಯೋಗಾಲಯಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿ ತಿನ್ನುತ್ತದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲ ಸಂಗ್ರಹದಲ್ಲಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ್ದನ್ನು ತಿಂದು ಅಷ್ಟೇ ಸುಖವಾಗಿರುತ್ತದೆ. ಹತ್ತೇ ದಿನಕ್ಕೆ ಹೊಸ ಪೀಳಿಗೆ. ಜಾಗ ಬೇಡ, ಖರ್ಚಿಲ್ಲ.

ಈ ನೊಣದ ಭ್ರೂಣಕ್ಕೆ ಒಂದು ವಿಚಿತ್ರ ಅಭ್ಯಾಸವಿದೆ, ಅದು ಮುಂದಿನ ಕಥೆಗೆಲ್ಲ ಆಧಾರ. ಕಪ್ಪೆಯ ಮೊಟ್ಟೆಯೋ ಮನುಷ್ಯನ ಭ್ರೂಣವೋ ಆದರೆ ಕೋಶಕೇಂದ್ರ ಒಡೆದಾಗಲೆಲ್ಲ ನಡುವೆ ಗೋಡೆ ಏಳುತ್ತದೆ, ಒಂದು ಕೋಶ ಎರಡು ಕೋಶವಾಗುತ್ತದೆ. ನೊಣದ ಭ್ರೂಣಕ್ಕೆ ಗೋಡೆ ಕಟ್ಟುವಷ್ಟು ಪುರುಸೊತ್ತಿಲ್ಲ. ಶುರುವಿನಲ್ಲಿ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಕೋಶಕೇಂದ್ರಗಳು ಇಮ್ಮಡಿಸುತ್ತ ಹೋಗುತ್ತವೆ. ಹೀಗೆ 13 ಸಲ. ಅರ್ಧ ದಾರಿ ದಾಟಿದ ಮೇಲೆ ಬಹುಪಾಲು ಕೇಂದ್ರಗಳು ಮೊಟ್ಟೆಯ ಹೊರಮೈಗೆ ಬಂದು ಒಂದೇ ಪದರವಾಗಿ ನಿಲ್ಲುತ್ತವೆ. ಮೂರು ಗಂಟೆ ಹೊತ್ತಿಗೆ ಸುಮಾರು 6,000 ಕೇಂದ್ರಗಳು. ಅಲ್ಲಿಯವರೆಗೂ ಅವೆಲ್ಲ ಒಂದೇ ಕೋಶದ್ರವ್ಯವನ್ನು ಹಂಚಿಕೊಂಡಿರುತ್ತವೆ, ನಡುವೆ ಅಡ್ಡಿಯಿಲ್ಲ. ಒಂದು ತುದಿಯಲ್ಲಿ ಹುಟ್ಟಿದ ಪ್ರೋಟೀನ್ ಯಾರನ್ನೂ ಕೇಳದೆ ಇನ್ನೊಂದು ತುದಿಯತ್ತ ಹರಡಬಹುದು. ಆಮೇಲೆಯೇ ಗೋಡೆಗಳು ಇಳಿದು 6,000 ಕೋಶಗಳಾಗುವುದು. ಆ ಹೊತ್ತಿಗೆ ಯಾವ ಕೋಶ ಏನಾಗಬೇಕು ಎಂಬುದು ಹೆಚ್ಚುಕಡಿಮೆ ಗೊತ್ತಾಗಿಬಿಟ್ಟಿರುತ್ತದೆ.

ಮೊಟ್ಟೆಯ ತುದಿಗಳಲ್ಲಿ ಏನೋ ಇದೆ ಎಂಬ ಅನುಮಾನ ಹಳೆಯದು. ಜರ್ಮನಿಯ ಕ್ಲೌಸ್ ಸಾಂಡರ್ 1950ರ ದಶಕದ ಕೊನೆಯಲ್ಲಿ ಎಲೆಜಿಗಿ ಹುಳುವಿನ ಮೊಟ್ಟೆಗಳನ್ನು ಮಧ್ಯದಲ್ಲಿ ಹಿಸುಕಿ ಎರಡು ಕೋಣೆ ಮಾಡುತ್ತಿದ್ದರು. ಆ ಹುಳುವಿನ ಮೊಟ್ಟೆಯ ಹಿಂತುದಿಯಲ್ಲಿ ತಾಯಿ ಇಟ್ಟ ಬ್ಯಾಕ್ಟೀರಿಯಾಗಳ ಒಂದು ಉಂಡೆ ಇರುತ್ತದೆ. ಸಾಂಡರ್ ಆ ಉಂಡೆಯನ್ನು ಗುರುತಾಗಿಟ್ಟುಕೊಂಡು ಹಿಂತುದಿಯ ದ್ರವ್ಯವನ್ನು ಮುಂದಕ್ಕೆ ತಳ್ಳಿ, ಆಮೇಲೆ ಹಿಸುಕಿ ನೋಡಿದರು. ಯಾವ ಕೋಣೆಯಲ್ಲಿ ಏನು ಹುಟ್ಟುತ್ತದೆ ಎಂಬುದು ಬದಲಾಯಿತು. ಎರಡೂ ತುದಿಗಳಿಂದ ಏನೋ ಹೊರಟು ಮಧ್ಯಕ್ಕೆ ಬರುತ್ತ ತೆಳುವಾಗುತ್ತದೆ, ಭ್ರೂಣ ಅದನ್ನು ನೋಡಿಕೊಂಡು ತನ್ನ ಖಂಡಗಳನ್ನು ಜೋಡಿಸುತ್ತದೆ ಎಂದು ಅವರು ತರ್ಕಿಸಿದರು. ಆ 'ಏನೋ' ಏನು ಎಂಬುದಕ್ಕೆ ಉತ್ತರವಿರಲಿಲ್ಲ.

1969ರಲ್ಲಿ ಲಂಡನ್ನಿನ ಲೂಯಿಸ್ ವೋಲ್ಪರ್ಟ್ ಇದೇ ವಿಚಾರಕ್ಕೆ ಲೆಕ್ಕದ ರೂಪ ಕೊಟ್ಟರು. ವೋಲ್ಪರ್ಟ್ ಮೊದಲು ಸಿವಿಲ್ ಎಂಜಿನಿಯರ್ ಆಗಿದ್ದವರು, ಜೀವವಿಜ್ಞಾನಕ್ಕೆ ಆಮೇಲೆ ಬಂದವರು. ಅವರ ಬರಹದಲ್ಲಿ ಎಂಜಿನಿಯರನ ಕೈ ಕಾಣುತ್ತದೆ. ಸಾಲಾಗಿ ನಿಂತ ಕೋಶಗಳ ಒಂದು ತುದಿಯಿಂದ ಒಂದು ವಸ್ತು ಹರಡುತ್ತಿದೆ ಎಂದುಕೊಳ್ಳಿ. ಅದು ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ನೀಲಿ, ಅದಕ್ಕಿಂತ ಕಡಿಮೆಯಾದರೆ ಬಿಳಿ, ಇನ್ನೂ ಕಡಿಮೆಯಾದರೆ ಕೆಂಪು ಎಂಬ ನಿಯಮ ಪ್ರತಿ ಕೋಶಕ್ಕೂ ಗೊತ್ತಿದ್ದರೆ ಫ್ರಾನ್ಸಿನ ಧ್ವಜ ತಾನಾಗಿ ಮೂಡುತ್ತದೆ. ಒಂದೇ ವಸ್ತುವಿನಿಂದ ಮೂರು ಬಣ್ಣ. ಮರುವರ್ಷ, ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಲೆಕ್ಕ ಹಾಕಿ, ಭ್ರೂಣದ ಅಳತೆಗಳಲ್ಲಿ ಒಂದು ಅಣು ಕೆಲವೇ ಗಂಟೆಗಳಲ್ಲಿ ಹೀಗೆ ಹರಡಿ ನೆಲೆಗೊಳ್ಳುವುದು ಸಾಧ್ಯ ಎಂದು ತೋರಿಸಿದರು. ಅಂಥ ವಸ್ತುವಿಗೆ ಒಂದು ಹೆಸರೂ ಸಿದ್ಧವಿತ್ತು. ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲೇ, ಸ್ವಲ್ಪ ಬೇರೆ ಅರ್ಥದಲ್ಲಿ, ಅದನ್ನು ಮಾರ್ಫೊಜೆನ್ ಎಂದು ಕರೆದಿದ್ದರು. ಹೆಸರಿತ್ತು, ಸಿದ್ಧಾಂತವಿತ್ತು, ಸಮೀಕರಣವಿತ್ತು. ಇಲ್ಲದಿದ್ದುದು ವಸ್ತು ಒಂದೇ. ಭ್ರೂಣವಿಜ್ಞಾನಿಗಳಲ್ಲಿ ಅನೇಕರು ಇದನ್ನೆಲ್ಲ ಕಾಗದದ ಮೇಲಿನ ಆಟ ಎಂದು ಮೂಗು ಮುರಿದರು. ಅವರನ್ನು ದೂರುವಂತಿಲ್ಲ.

ಮುಂದೆ ಆ ವಸ್ತುವಿನ ಜಾಡು ಹಿಡಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ 1977ರಲ್ಲಿ ಇದೇ ಸಾಂಡರ್ ಅವರ ಫ್ರೈಬರ್ಗ್ ಪ್ರಯೋಗಾಲಯದಲ್ಲಿದ್ದರು. ಮರುವರ್ಷ ಹೈಡೆಲ್‌ಬರ್ಗಿನ ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಲ್ಯಾಬೊರೇಟರಿಯಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಅಮೆರಿಕದ ಎರಿಕ್ ವೀಶೌಸ್. ಇಬ್ಬರೂ ಮೂವತ್ತು ದಾಟಿದ್ದರು, ನಲವತ್ತಾಗಿರಲಿಲ್ಲ. ಅವರು ಹಿಡಿದ ದಾರಿ ಸರಳ, ಆದರೆ ಅಸಾಧ್ಯ ತಾಳ್ಮೆ ಬೇಡುವಂಥದ್ದು. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ ಡಿಎನ್‌ಎ ಕೆಡಿಸುವ ರಾಸಾಯನಿಕ ಕುಡಿಸುವುದು. ಕೆಟ್ಟ ಜೀನ್‌ಗಳನ್ನು ಹೊತ್ತ ಸಾವಿರಾರು ವಂಶಗಳನ್ನು ಬೇರೆ ಬೇರೆಯಾಗಿ ಬೆಳೆಸುವುದು. ಒಡೆಯದೆ ಸತ್ತ ಮೊಟ್ಟೆಗಳೊಳಗಿನ ಮರಿಹುಳುಗಳನ್ನು ತೆಗೆದು, ಒಳಗಿನ ಮಾಂಸವೆಲ್ಲ ಕರಗಿ ಪಾರದರ್ಶಕ ಚರ್ಮ ಮಾತ್ರ ಉಳಿಯುವಂತೆ ಮಾಡಿ ಸೂಕ್ಷ್ಮದರ್ಶಕದಡಿ ನೋಡುವುದು. ಇಬ್ಬರು ಎದುರು ಬದುರು ಕೂತು ಒಂದೇ ಗಾಜನ್ನು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ ಅವರದು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೂ ಕಂಡರೆ ಬರೆದುಕೊಳ್ಳುವುದು, ಇಲ್ಲದಿದ್ದರೆ ಅಲ್ಲೇ ಜಗಳ.

ಆ ಗಾಜಿನ ಮೇಲೆ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುವ ಮರಿಹುಳುವಿನ ಚರ್ಮ. ಅದರ ಹೊಟ್ಟೆಯ ಕಡೆ ಅಡ್ಡಡ್ಡಲಾಗಿ ಸಣ್ಣ ಮುಳ್ಳುಗಳ ಪಟ್ಟಿಗಳು. ಹುಳು ತೆವಳುವಾಗ ನೆಲ ಕಚ್ಚಿ ಹಿಡಿಯುವುದು ಇವುಗಳಿಂದಲೇ. ಎದೆಯ ಮೂರು ಖಂಡಗಳಲ್ಲಿ ಪಟ್ಟಿಗಳು ತೆಳು, ಹೊಟ್ಟೆಯ ಎಂಟು ಖಂಡಗಳಲ್ಲಿ ದಪ್ಪ. ಮುಂತುದಿಯಲ್ಲಿ ಬಾಯಿಯ ಕೊಕ್ಕೆಗಳು, ಹಿಂತುದಿಯಲ್ಲಿ ಉಸಿರುಕೊಳವೆಗಳ ಜೋಡಿ ತುದಿ. ಎಲ್ಲಕ್ಕೂ ಅದರದೇ ಗುರುತಿದೆ. ಒಂದು ಪಟ್ಟಿ ತಪ್ಪಿದರೆ, ಇಲ್ಲವೇ ತಲೆಕೆಳಗಾದರೆ, ಪಳಗಿದ ಕಣ್ಣಿಗೆ ಒಡನೆಯೇ ತಿಳಿಯುತ್ತದೆ.

1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಲೇಖನ 15 ಜೀನ್‌ಗಳನ್ನು ಮೂರು ಗುಂಪಾಗಿ ವಿಂಗಡಿಸಿತು. ಕೆಲವು ಕೆಟ್ಟರೆ ಪಕ್ಕಪಕ್ಕದ ಹಲವು ಖಂಡಗಳು ಒಟ್ಟಿಗೆ ಮಾಯ, ಕೆಲವು ಕೆಟ್ಟರೆ ಒಂದು ಬಿಟ್ಟು ಒಂದು ಖಂಡ ಮಾಯ, ಮತ್ತೆ ಕೆಲವು ಕೆಟ್ಟರೆ ಪ್ರತಿ ಖಂಡದೊಳಗೂ ಅರ್ಧ ಕೆಡುತ್ತದೆ. ದೇಹವನ್ನು ಭ್ರೂಣ ಹಂತಹಂತವಾಗಿ, ದೊಡ್ಡ ಭಾಗದಿಂದ ಸಣ್ಣ ಭಾಗಕ್ಕೆ ಇಳಿಯುತ್ತ ವಿಭಜಿಸುತ್ತದೆ ಎಂಬುದಕ್ಕೆ ಅಷ್ಟು ನೇರವಾದ ಸಾಕ್ಷಿ ಹಿಂದೆ ಸಿಕ್ಕಿರಲಿಲ್ಲ. 1995ರಲ್ಲಿ ಇಬ್ಬರಿಗೂ, ಹಿರಿಯ ನೊಣತಜ್ಞ ಎಡ್ವರ್ಡ್ ಲೂಯಿಸ್ ಅವರೊಂದಿಗೆ, ನೊಬೆಲ್ ಬಂತು.

ಆದರೆ ಈ 15 ಜೀನ್‌ಗಳು ಭ್ರೂಣದ ಸ್ವಂತ ಜೀನ್‌ಗಳು. ಅವು ಕೆಲಸ ಶುರುಮಾಡುವ ಮೊದಲೇ ಯಾರೋ ಮುಂದು ಯಾವುದು, ಹಿಂದು ಯಾವುದು ಎಂದು ಗೆರೆ ಎಳೆದಿರಬೇಕು. ಮೊಟ್ಟೆ ಹೊರಬರುವ ಮುನ್ನ ಅಲ್ಲಿ ಕೈಯಾಡಿಸಲು ಅವಕಾಶವಿದ್ದವಳು ಒಬ್ಬಳೇ: ತಾಯಿ.

ತಾಯಿಯ ಕೈವಾಡ ಹುಡುಕಲು ಬೇರೆಯೇ ಲೆಕ್ಕ ಬೇಕು, ಒಂದು ತಲೆಮಾರು ಹೆಚ್ಚು ಕಾಯಬೇಕು. ನ್ಯೂಸ್ಲೈನ್-ಫೋಲ್‌ಹಾರ್ಡ್ 1981ರಲ್ಲಿ ಟ್ಯೂಬಿಂಗನ್ನಿಗೆ ಹೋದ ಮೇಲೆ ಈ ಹುಡುಕಾಟ ದೊಡ್ಡದಾಗಿ ನಡೆಯಿತು. ಬೈಕಾಯ್ಡ್ ಸಿಕ್ಕಿದ್ದು ಆಗ. ಅದರ ವಂಶಾವಳಿ ಸ್ವಾರಸ್ಯವಾಗಿದೆ. ಬೈಕಾಯ್ಡಿನ ಎರಡೂ ಪ್ರತಿಗಳು ಕೆಟ್ಟ ಹೆಣ್ಣು ನೊಣ ನೋಡಲು ಎಲ್ಲ ನೊಣಗಳಂತೆಯೇ ಇರುತ್ತದೆ. ತಲೆ, ಕಣ್ಣು, ಮೀಸೆ ಎಲ್ಲ ನೆಟ್ಟಗೆ. ಹಾರುತ್ತದೆ, ಗಂಡನ್ನು ಕೂಡುತ್ತದೆ, ಮೊಟ್ಟೆಯಿಡುತ್ತದೆ. ಆದರೆ ಅದು ಇಟ್ಟ ಮೊಟ್ಟೆಗಳಲ್ಲಿ ಒಂದೂ ಒಡೆಯುವುದಿಲ್ಲ. ಗಂಡಿನ ಕಡೆಯಿಂದ ಸರಿಯಾದ ಜೀನ್ ಬಂದಿದ್ದರೂ ಉಪಯೋಗವಿಲ್ಲ. ಅದೇ ಎರಡೂ ಪ್ರತಿ ಕೆಟ್ಟ ಗಂಡು ನೊಣಕ್ಕೆ ಯಾವ ತೊಂದರೆಯೂ ಇಲ್ಲ, ಅದರ ಮಕ್ಕಳು ಗಟ್ಟಿಮುಟ್ಟು. ಅಂದರೆ ತಲೆಯ ವಿಚಾರದಲ್ಲಿ ಮಗುವಿನ ಸ್ವಂತ ಜೀನ್ ಏನಿದೆ ಎಂದು ಯಾರೂ ಕೇಳುವುದಿಲ್ಲ, ಅಪ್ಪನದನ್ನಂತೂ ಕೇಳುವುದೇ ಇಲ್ಲ. ಅಮ್ಮನದು ಸರಿಯಿತ್ತೇ ಎಂಬುದಷ್ಟೇ ಪ್ರಶ್ನೆ. ಎರಡೂ ಪ್ರತಿ ಕೆಟ್ಟ ಆ ಹೆಣ್ಣಿಗೆ ತಲೆ ಬಂದದ್ದು ಅದರ ಅಮ್ಮನ ಬಳಿ ಒಂದು ಒಳ್ಳೆಯ ಪ್ರತಿ ಇದ್ದುದರಿಂದ.

ಒಡೆಯದ ಆ ಮೊಟ್ಟೆಗಳೊಳಗೆ ಇದ್ದದ್ದು ಎಂಥ ಮರಿಹುಳು? ತಲೆಯಿಲ್ಲ, ಎದೆಯ ಮೂರು ಖಂಡಗಳಿಲ್ಲ. ಹೊಟ್ಟೆಯ ಮುಳ್ಳುಪಟ್ಟಿಗಳು ಮುಂದಕ್ಕೆ ಹರಡಿಕೊಂಡಿವೆ. ಬಾಯಿಯ ಕೊಕ್ಕೆ ಇರಬೇಕಾದ ಜಾಗದಲ್ಲಿ ಇನ್ನೊಂದು ಬಾಲದ ತುದಿ, ಉಸಿರುಕೊಳವೆಯ ಗುರುತುಗಳ ಸಮೇತ. ಮುಂದೂ ಬಾಲ, ಹಿಂದೂ ಬಾಲ.

1986ರಲ್ಲಿ ಹಾನ್ಸ್ ಗಿಯಾರ್ಗ್ ಫ್ರೋನ್‌ಹೋಫರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಡ್ ಪ್ರಕಟಿಸಿದ ಪ್ರಯೋಗ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು, ಏಕೆಂದರೆ ಅದಕ್ಕೆ ಬೇಕಾದದ್ದು ಸೂಕ್ಷ್ಮವಾದ ಗಾಜಿನ ಸೂಜಿ ಮತ್ತು ಅಲುಗದ ಕೈ. ಆರೋಗ್ಯವಂತ ಮೊಟ್ಟೆಯ ಮುಂತುದಿಯನ್ನು ಚುಚ್ಚಿ ಸ್ವಲ್ಪ ದ್ರವ್ಯ ಸೋರಿಹೋಗುವಂತೆ ಮಾಡಿದರು: ತಲೆ ಕೆಟ್ಟು, ಬೈಕಾಯ್ಡ್ ಇಲ್ಲದ ಮೊಟ್ಟೆಯ ಮರಿಹುಳುವನ್ನೇ ಹೋಲುವಂಥದ್ದು ಬಂತು. ಬೈಕಾಯ್ಡ್ ಇಲ್ಲದ ತಾಯಿಯ ಮೊಟ್ಟೆಯ ಮುಂತುದಿಗೆ ಆರೋಗ್ಯವಂತ ಮೊಟ್ಟೆಯ ಮುಂತುದಿಯ ದ್ರವ್ಯವನ್ನು ಚುಚ್ಚಿದರು: ಕಳೆದುಹೋದ ತಲೆ ಹಿಂದಿರುಗಿತು. ಅದೇ ದ್ರವ್ಯವನ್ನು ಮೊಟ್ಟೆಯ ನಡುವಿಗೆ ಚುಚ್ಚಿದರೆ ತಲೆ ನಡುವಿನಲ್ಲೇ ಮೂಡಿತು, ಅದರ ಎರಡೂ ಪಕ್ಕದಲ್ಲಿ ಎದೆ. ಈ ಕೊನೆಯದನ್ನು ಮತ್ತೊಮ್ಮೆ ಓದಬೇಕು. ಚುಚ್ಚಿದ ಜಾಗದಲ್ಲಿ ತಲೆ ಬಂದದ್ದು ಸರಿ. ಆದರೆ ಎದೆಯನ್ನು ಯಾರೂ ಚುಚ್ಚಿರಲಿಲ್ಲ. ತಲೆಯಿಂದ ಇಷ್ಟು ದೂರದಲ್ಲಿ ಎದೆ ಎಂಬ ಲೆಕ್ಕ ಚುಚ್ಚಿದ ದ್ರವ್ಯದೊಳಗೇ ಇತ್ತು, ಎಡಕ್ಕೂ ಬಲಕ್ಕೂ ಒಂದೇ ರೀತಿ.

ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಬಾಗಿಲಲ್ಲಿ ನಿಂತವರಿಗೆ ಸೀನು ಬರುತ್ತದೆ, ನಡುಮನೆಯಲ್ಲಿದ್ದವರಿಗೆ ಇಂಗಿನ ವಾಸನೆ ಸಿಗುತ್ತದೆ, ಜಗಲಿಯಲ್ಲಿದ್ದವರಿಗೆ ಏನೋ ಬೇಯುತ್ತಿದೆ ಎನ್ನುವಷ್ಟು. ಕಣ್ಣು ಮುಚ್ಚಿಕೊಂಡಿದ್ದರೂ ಒಲೆ ಎಷ್ಟು ದೂರ ಎಂದು ಹೇಳಬಹುದು. ಬೈಕಾಯ್ಡ್ ಕೆಲಸ ಮಾಡುವುದು ಹೀಗೆಯೇ ಎಂಬುದನ್ನು 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ತೋರಿಸಿದರು. ಬೈಕಾಯ್ಡ್ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯ ತಯಾರಿಸಿ ಅದರಿಂದ ಭ್ರೂಣಕ್ಕೆ ಬಣ್ಣ ಹಾಕಿದರೆ ಮುಂತುದಿಯ ಕೋಶಕೇಂದ್ರಗಳು ಗಾಢವಾಗಿ, ಹಿಂದೆ ಹಿಂದೆ ಹೋದಂತೆ ತೆಳುವಾಗಿ, ಕೊನೆಯ ಭಾಗದಲ್ಲಿ ಬಣ್ಣವೇ ಇಲ್ಲದಂತೆ ಕಂಡವು. ಇಳಿಕೆಯ ಲೆಕ್ಕವೂ ಅಚ್ಚುಕಟ್ಟು. ಸುಮಾರು 100 ಮೈಕ್ರೊಮೀಟರ್ ಹಿಂದಕ್ಕೆ ಸರಿದಂತೆಲ್ಲ ಪ್ರೋಟೀನ್ ಮೂರನೇ ಒಂದಂಶಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಮುಂದೆ 100 ಇದ್ದರೆ ಆಮೇಲೆ 37, ಆಮೇಲೆ 14, ಆಮೇಲೆ 5. ಕಾಗದದ ಮೇಲಿದ್ದ ಮಾರ್ಫೊಜೆನ್ ಕೊನೆಗೂ ಗಾಜಿನ ಮೇಲೆ ಸಿಕ್ಕಿತ್ತು.

ಪ್ರೋಟೀನ್ ಮುಂತುದಿಯಿಂದಲೇ ಹೊರಡುವುದೇಕೆ? ತಾಯಿಯ ಅಂಡಾಶಯದಲ್ಲಿ ಒಂದು ಕೋಶ ನಾಲ್ಕು ಸಲ ಒಡೆದು 16 ಆಗುತ್ತದೆ. ಅದರಲ್ಲಿ ಒಂದು ಮಾತ್ರ ಮೊಟ್ಟೆಯಾಗುತ್ತದೆ, ಮಿಕ್ಕ 15 ದಾದಿಕೋಶಗಳು. ಅವು ಸಣ್ಣ ಕಿಂಡಿಗಳ ಮೂಲಕ ತಮ್ಮ ಸಾರವನ್ನೆಲ್ಲ ಮೊಟ್ಟೆಗೆ ಸುರಿದು ಸಾಯುತ್ತವೆ. ಹಾಗೆ ಸುರಿದದ್ದರಲ್ಲಿ ಬೈಕಾಯ್ಡಿನ ಆರ್‌ಎನ್‌ಎ ಕೂಡ ಇದೆ. ಪ್ರೋಟೀನ್ ತಯಾರಿಸುವ ಆದೇಶಪತ್ರ ಅದು. ಆ ಆರ್‌ಎನ್‌ಎಯ ಬಾಲಭಾಗದ ಮಡಿಕೆಗಳನ್ನು ಗುರುತಿಸುವ ಪ್ರೋಟೀನ್‌ಗಳಿವೆ. ಅವು ಅದನ್ನು ಕೋಶದೊಳಗಿನ ನಾಳತಂತುಗಳ ಮೇಲೆ ಸಾಗಿಸಿ ಮೊಟ್ಟೆಯ ಮುಂತುದಿಯಲ್ಲಿ ಹಿಡಿದು ಕೂರಿಸುತ್ತವೆ. ಮೊಟ್ಟೆ ಹೊರಬರುವವರೆಗೆ ಆದೇಶ ಜಾರಿಯಾಗುವುದಿಲ್ಲ. ಹೊರಬಿದ್ದ ಮೇಲೆ ಪ್ರೋಟೀನ್ ತಯಾರಾಗುತ್ತದೆ, ಹರಡುತ್ತದೆ, ಹರಡುತ್ತಲೇ ಒಡೆದು ನಾಶವಾಗುತ್ತದೆ. ಹುಟ್ಟು, ಹರಡಿಕೆ, ಸಾವು ಮೂರೂ ಸೇರಿ ಆ ಇಳಿಜಾರು. ಆರ್‌ಎನ್‌ಎಯೇ ಸ್ವಲ್ಪ ಹರಡಿರುತ್ತದೆಯೇ, ಪ್ರೋಟೀನ್ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬ ಬಗ್ಗೆ 2000ದ ದಶಕದಲ್ಲಿ ಬಿರುಸಾದ ವಾಗ್ವಾದಗಳಾದವು. ಅವುಗಳ ವಿವರ ಇಲ್ಲಿ ಬೇಡ.

ಪ್ರಮಾಣವನ್ನು ಓದುವವರು ಯಾರು ಎಂಬುದು ಅದಕ್ಕಿಂತ ಮುಖ್ಯ. ಬೈಕಾಯ್ಡ್ ಪ್ರೋಟೀನ್ ಕೋಶಕೇಂದ್ರದೊಳಕ್ಕೆ ಹೋಗಿ ಡಿಎನ್‌ಎಯ ನಿರ್ದಿಷ್ಟ ಅಕ್ಷರಗುಚ್ಛಗಳಿಗೆ ಅಂಟಿ ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. ಹಂಚ್‌ಬ್ಯಾಕ್ ಎಂಬ ಜೀನ್ ಅದರ ಮೊದಲ ಶಿಷ್ಯರಲ್ಲೊಂದು. ಅದು ಭ್ರೂಣದ ಮುಂದಿನ ಅರ್ಧದಲ್ಲಿ ಎದ್ದು, ಸರಿಸುಮಾರು ಮಧ್ಯದಲ್ಲಿ ಗೆರೆ ಹೊಡೆದಂತೆ ನಿಂತುಬಿಡುತ್ತದೆ. ಬೈಕಾಯ್ಡ್ ಜಾರುತ್ತ ಇಳಿಯುತ್ತದೆ, ಹಂಚ್‌ಬ್ಯಾಕ್ ಮಾತ್ರ ಕಡಿದಂತೆ ನಿಲ್ಲುತ್ತದೆ. ಇನ್ನೊಂದು ಕೆಲಸವೂ ಬೈಕಾಯ್ಡಿಗಿದೆ. ಕಾಡಲ್ ಎಂಬ ಜೀನಿನ ಆರ್‌ಎನ್‌ಎ ಮೊಟ್ಟೆಯ ತುಂಬ ಇರುತ್ತದೆ. ಬೈಕಾಯ್ಡ್ ಅದಕ್ಕೆ ಅಂಟಿಕೊಂಡು ಪ್ರೋಟೀನ್ ಆಗದಂತೆ ತಡೆಯುತ್ತದೆ. ಹೀಗಾಗಿ ಹಿಂಭಾಗದ ಅಂಗಗಳಿಗೆ ಬೇಕಾದ ಕಾಡಲ್ ಪ್ರೋಟೀನ್ ಹಿಂಭಾಗದಲ್ಲಿ ಮಾತ್ರ ಉಳಿಯುತ್ತದೆ. ಹೀಗೆ ಅದು ಡಿಎನ್‌ಎಗೂ ಅಂಟುತ್ತದೆ, ಆರ್‌ಎನ್‌ಎಗೂ ಅಂಟುತ್ತದೆ.

ಆಮೇಲಿನ ಹಂತದಲ್ಲಿ ಈವನ್-ಸ್ಕಿಪ್ಡ್ ಎಂಬ ಜೀನ್ ಭ್ರೂಣದ ಉದ್ದಕ್ಕೂ ಏಳು ಪಟ್ಟೆಗಳಾಗಿ ಮೂಡುತ್ತದೆ. ಅದರ ಎರಡನೇ ಪಟ್ಟೆಯ ಗುಟ್ಟನ್ನು 1990ರ ದಶಕದ ಆರಂಭದಲ್ಲಿ ಮೈಕ್ ಲೆವಿನ್ ಮತ್ತು ಸಂಗಡಿಗರು ಬಿಡಿಸಿದರು. ಆ ಒಂದು ಪಟ್ಟೆಗಾಗಿಯೇ ಜೀನಿನ ಪಕ್ಕದಲ್ಲಿ ಸುಮಾರು 500 ಅಕ್ಷರಗಳ ಡಿಎನ್‌ಎ ತುಂಡಿದೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಅದಕ್ಕೆ ಅಂಟಿ 'ಏಳು' ಎನ್ನುತ್ತವೆ. ಮುಂದುಗಡೆ ಇರುವ ಜೈಂಟ್, ಹಿಂದುಗಡೆ ಇರುವ ಕ್ರುಪ್ಪೆಲ್ ಎಂಬ ಪ್ರೋಟೀನ್‌ಗಳು 'ಬೇಡ' ಎನ್ನುತ್ತವೆ. ಎರಡೂ ಕಡೆಯ 'ಬೇಡ'ಗಳು ತಲುಪದ ಒಂದು ಸಂದು ಉಳಿಯುತ್ತದಲ್ಲ, ಪಟ್ಟೆ ಅಲ್ಲಿ. ಮಿಕ್ಕ ಪಟ್ಟೆಗಳಿಗೆ ಬೇರೆ ತುಂಡುಗಳು, ಬೇರೆ ಕೂಡುವಿಕೆಗಳು. ಏಳು ಪಟ್ಟೆ ನೋಡಿದರೆ ಯಾವುದೋ ಒಂದು ಸುಂದರ ಸೂತ್ರ ಬರೆದದ್ದು ಎನ್ನಿಸುತ್ತದೆ. ಟ್ಯೂರಿಂಗ್ ಊಹಿಸಿದ್ದು ಅಂಥ ಸೂತ್ರವನ್ನೇ. ನೊಣ ಮಾತ್ರ ಒಂದೊಂದು ಪಟ್ಟೆಯನ್ನೂ ಒಂದೊಂದು ಉಪಾಯದಿಂದ ಎಳೆದುಕೊಂಡಿದೆ.

ಈಗ ಒಂದು ಅನುಮಾನ. ಮಧ್ಯಭಾಗದಲ್ಲಿ ಅಕ್ಕಪಕ್ಕದ ಎರಡು ಕೋಶಕೇಂದ್ರಗಳ ನಡುವೆ ಬೈಕಾಯ್ಡ್ ಪ್ರಮಾಣದಲ್ಲಿರುವ ವ್ಯತ್ಯಾಸ ಬರೀ ಶೇಕಡ 10. ಅಷ್ಟು ಸಣ್ಣ ವ್ಯತ್ಯಾಸವನ್ನು ನಂಬಿ ಗೆರೆ ಹೊಡೆಯಬಹುದೇ? 2007ರಲ್ಲಿ ಪ್ರಿನ್ಸ್‌ಟನ್ನಿನ ಥಾಮಸ್ ಗ್ರೆಗೊರ್, ವೀಶೌಸ್, ಭೌತವಿಜ್ಞಾನಿಗಳಾದ ಡೇವಿಡ್ ಟ್ಯಾಂಕ್, ವಿಲಿಯಂ ಬಯಾಲೆಕ್ ಇವರು ಬೈಕಾಯ್ಡಿಗೆ ಹಸಿರು ಹೊಳೆಯುವ ಪ್ರೋಟೀನ್ ಜೋಡಿಸಿ ಜೀವಂತ ಭ್ರೂಣದಲ್ಲೇ ಅಳೆದರು. ಹಂಚ್‌ಬ್ಯಾಕ್ ಗೆರೆ ಬೀಳುವಲ್ಲಿ ಪ್ರತಿ ಕೋಶಕೇಂದ್ರದಲ್ಲಿ ಇದ್ದದ್ದು ಸುಮಾರು 700 ಬೈಕಾಯ್ಡ್ ಅಣುಗಳು. ಅವು ಅಡ್ಡಾದಿಡ್ಡಿ ಓಡಾಡುತ್ತ ಡಿಎನ್‌ಎಗೆ ತಾಗುತ್ತಿರುವಾಗ ಒಂದು ಜೀನ್ ಶೇಕಡ 10ರ ನಿಖರತೆಯಲ್ಲಿ ಅವನ್ನು ಎಣಿಸಬೇಕಾದರೆ ಅವರ ಲೆಕ್ಕದಂತೆ ಸುಮಾರು ಎರಡು ಗಂಟೆ ಬೇಕು. ಅಷ್ಟು ಸಮಯವಿಲ್ಲ, ಕೋಶಕೇಂದ್ರಗಳು ನಿಮಿಷಗಳಲ್ಲಿ ಒಡೆಯುತ್ತಿವೆ. ಆದರೂ ಭ್ರೂಣ ಆ ನಿಖರತೆಯನ್ನು ಸಾಧಿಸುತ್ತದೆ. ನೆರೆಹೊರೆಯ ಕೋಶಕೇಂದ್ರಗಳು ತಮ್ಮ ಓದನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುತ್ತವೆ ಎಂಬುದು ಅವರು ಮುಂದಿಟ್ಟ ವಿವರಣೆ. ಗೋಡೆ ಕಟ್ಟದಿರುವುದರ ಲಾಭ ಇಲ್ಲೂ ಕಾಣುತ್ತದೆ.

ಬೈಕಾಯ್ಡಿನ ಪ್ರಮಾಣವನ್ನು ಬೇಕೆಂದೇ ಕೆಡಿಸಿದರೆ? ಡ್ರೀವರ್ ಅದನ್ನೂ ಮಾಡಿದ್ದರು. ತಾಯಿ ನೊಣಕ್ಕೆ ಬೈಕಾಯ್ಡ್ ಜೀನಿನ ಎರಡರ ಬದಲು ಒಂದು ಪ್ರತಿ, ಇಲ್ಲವೇ ನಾಲ್ಕು ಪ್ರತಿ, ಇನ್ನೂ ಹೆಚ್ಚು. ಭ್ರೂಣದ ತಲೆ ಎಲ್ಲಿ ಮುಗಿಯುತ್ತದೋ ಅಲ್ಲಿ ಸ್ವಲ್ಪ ಹೊತ್ತು ಒಂದು ಮಡಿಕೆ ಬೀಳುತ್ತದೆ, ಮುಂತುದಿಯಿಂದ ಸುಮಾರು ಮೂರನೇ ಒಂದು ದೂರದಲ್ಲಿ. ಪ್ರತಿ ಕಡಿಮೆಯಾದರೆ ಮಡಿಕೆ ಮುಂದಕ್ಕೆ ಸರಿಯಿತು, ಹೆಚ್ಚಾದರೆ ಹಿಂದಕ್ಕೆ. ತಲೆಗೆ ಮೀಸಲಾದ ಜಾಗ ಅಮ್ಮನ ಜೀನ್ ಸಂಖ್ಯೆಯಂತೆ ಕುಗ್ಗಿತು, ಹಿಗ್ಗಿತು. ವೋಲ್ಪರ್ಟರ ಧ್ವಜ ಗೆದ್ದಿತು ಎನ್ನಬಹುದು, ಆದರೆ ಪೂರ್ತಿ ಗೆಲುವಲ್ಲ. ಮಡಿಕೆ ಲೆಕ್ಕ ಹೇಳಿದಷ್ಟು ದೂರ ಸರಿಯಲಿಲ್ಲ. ಬೈಕಾಯ್ಡ್ ಜೊತೆಗೆ ಬೇರೆ ಸಂಕೇತಗಳೂ ಮಾತಾಡುತ್ತಿವೆ ಎಂದು ಅದರ ಅರ್ಥ. ಅದಕ್ಕಿಂತ ಆಶ್ಚರ್ಯವೆಂದರೆ ಇಂಥ ಮೊಟ್ಟೆಗಳಲ್ಲಿ ಬಹಳಷ್ಟು ಒಡೆದು, ದೊಡ್ಡ ನೊಣಗಳೂ ಆದವು, ತಲೆಯ ಗಾತ್ರವೂ ಮಾಮೂಲು. ತಲೆಯ ಪಾಲಿಗೆ ಹೆಚ್ಚಾಗಿ ಬಂದ ಕೋಶಗಳು ಮುಂದಿನ ಗಂಟೆಗಳಲ್ಲಿ ತಾವಾಗಿ ಸತ್ತು ಅಳತೆ ಸರಿಹೋಗಿತ್ತು ಎಂಬುದು 1997ರಲ್ಲಿ ಗೊತ್ತಾಯಿತು. ಮೊದಲ ಗೆರೆ ತಪ್ಪಾದರೂ ತಿದ್ದಿಕೊಳ್ಳಲು ಭ್ರೂಣಕ್ಕೆ ಎಡೆಯಿದೆ.

ಇಷ್ಟೆಲ್ಲ ಕೇಳಿದ ಮೇಲೆ ಬೈಕಾಯ್ಡ್ ಜೀವಜಗತ್ತಿನ ಮೂಲಭೂತ ಜೀನ್ ಎಂದು ತೋರುವುದು ಸಹಜ. ಮೊದಮೊದಲು ವಿಜ್ಞಾನಿಗಳೂ ಬೇರೆ ಕೀಟಗಳಲ್ಲಿ ಅದನ್ನು ಹುಡುಕಿ ಹೊರಟರು. ಜೇನುನೊಣದಲ್ಲಿ ಸಿಗಲಿಲ್ಲ. ಹಿಟ್ಟಿನ ಡಬ್ಬದ ಕೆಂಪು ಹುಳುವಿನಲ್ಲಿ ಸಿಗಲಿಲ್ಲ. ನೊಣದ ದೂರದ ನೆಂಟ ಸೊಳ್ಳೆಯಲ್ಲೂ ಇಲ್ಲ. ಮನುಷ್ಯರಲ್ಲಿ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬೈಕಾಯ್ಡ್ ಇರುವುದು ನೊಣಗಳ ಒಂದು ಶಾಖೆಯಲ್ಲಿ ಮಾತ್ರ: ಹಣ್ಣಿನ ನೊಣ, ಮನೆನೊಣ, ಹೂನೊಣ ಮುಂತಾದವುಗಳ ಶಾಖೆ. ಆ ಶಾಖೆಯ ಪೂರ್ವಜನಲ್ಲಿ ಹಾಕ್ಸ್-3 ಎಂಬ ಹಳೆಯ ಜೀನ್ ಎರಡಾಗಿ, ಒಂದು ನಕಲು ಭ್ರೂಣವನ್ನು ಸುತ್ತುವ ಪೊರೆಯ ಹಳೆಯ ಕೆಲಸದಲ್ಲೇ ಉಳಿಯಿತು. ಇನ್ನೊಂದು ಬೈಕಾಯ್ಡ್ ಆಯಿತು. ತಲೆಗೂ ಆ ಹಳೆಯ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. 2018ರಲ್ಲಿ ಅಮೆರಿಕದ ಜೋಸೆಫ್ ಥಾರ್ನ್‌ಟನ್ ಮತ್ತು ಸ್ಟೀಫನ್ ಸ್ಮಾಲ್ ಅವರ ತಂಡಗಳು ಆ ಪೂರ್ವಜ ಪ್ರೋಟೀನಿನ ಡಿಎನ್‌ಎ ಹಿಡಿಯುವ ಭಾಗವನ್ನು ಅಂದಾಜಿಸಿ ಮತ್ತೆ ಕಟ್ಟಿ ನೊಣದ ಮೊಟ್ಟೆಯಲ್ಲಿಟ್ಟು ನೋಡಿದವು. ಅದರಿಂದ ತಲೆ ಬರಲಿಲ್ಲ. ಅದರಲ್ಲಿ ಎರಡೇ ಎರಡು ಅಮೈನೊ ಆಮ್ಲಗಳನ್ನು ಬದಲಿಸಿದಾಗ ಬೈಕಾಯ್ಡಿನ ಹೊಸ ಗುಣದ ಬಹುಭಾಗ ಬಂದುಬಿಟ್ಟಿತು.

ಹಾಗಾದರೆ ಮಿಕ್ಕವರ ತಲೆಯ ಗತಿ? ಕಿರೊನೊಮಸ್ ಎಂಬ ಕಚ್ಚದ ಸೊಳ್ಳೆಯಂಥ ಕೀಟದಲ್ಲಿ ಪ್ಯಾನಿಶ್ ಎಂಬ, ಬೈಕಾಯ್ಡಿಗೆ ಯಾವ ನಂಟೂ ಇಲ್ಲದ ಜೀನ್ ಮೊಟ್ಟೆಯ ಮುಂತುದಿಯಲ್ಲಿ ಕೂತು ಅದೇ ಕೆಲಸ ಮಾಡುತ್ತದೆ ಎಂದು ಶಿಕಾಗೊದ ಉರ್ಸ್ ಸ್ಮಿಟ್-ಓಟ್ ಅವರ ತಂಡ 2015ರಲ್ಲಿ ಕಂಡುಕೊಂಡಿತು. ಅದನ್ನು ಅಡಗಿಸಿದರೆ ಇಲ್ಲೂ ತಲೆ ಹೋಗಿ ಎರಡು ಬಾಲ. 2019ರಲ್ಲಿ ಅದೇ ತಂಡ ಇನ್ನಷ್ಟು ಹುಡುಕಿತು. ಬಚ್ಚಲಮನೆಯ ಗೋಡೆಯ ಮೇಲೆ ರೆಕ್ಕೆ ಅಗಲಿಸಿ ಕೂರುವ ರೋಮದ ಸಣ್ಣ ನೊಣದಲ್ಲಿ ಈ ಕೆಲಸ ಆಡ್-ಪೇರ್ಡ್ ಎಂಬ ಜೀನಿನದು. ಹಣ್ಣಿನ ನೊಣದಲ್ಲಿ ಅದೇ ಜೀನ್ ತಲೆಯ ಗೊಡವೆಗೆ ಹೋಗದೆ ಖಂಡಗಳ ಪಟ್ಟೆ ಮಾಡುತ್ತದೆ. ಬಚ್ಚಲ ನೊಣ ಆ ಹಳೆಯ ಜೀನಿನಿಂದಲೇ ಬೇರೆ ರೂಪದ ಒಂದು ಆರ್‌ಎನ್‌ಎ ಬರೆಸಿಕೊಂಡು ಮೊಟ್ಟೆಯ ಮುಂದಿಟ್ಟಿದೆ. ಸೊಳ್ಳೆಗಳ ವಿಷಯ ಇನ್ನೂ ತಮಾಷೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮೊಟ್ಟೆಯಲ್ಲಿ ಮುಂದು ಯಾವುದೆಂದು ಗುರುತಿಡುವುದು ಪ್ಯಾಂಗೊಲಿನ್ ಎಂಬ ಜೀನ್. ಆನೆಕಾಲು ರೋಗ ಹರಡುವ ಕ್ಯುಲೆಕ್ಸ್, ಡೆಂಗಿ ಹರಡುವ ಈಡಿಸ್ ಸೊಳ್ಳೆಗಳಲ್ಲಿ ಅದಲ್ಲ, ಕುಕಾಯ್ಡ್ ಎಂಬ ಬೇರೆಯದೇ ಜೀನ್.